ಕಮಲಕ್ಕ ಹೆಣಗಳಿಗೆ ಹೇಳುತ್ತಿದ್ದ ಮಾತು

ಕಮಲಕ್ಕ ಕುಡಿಯುವುದಿಲ್ಲ. ಇದನ್ನು ಎಷ್ಟು ಜನರಿಗೆ ಎಷ್ಟು ಸಲ ಹೇಳಿದ್ದೇನೋ, ನನ್ನ ಬಾಯಿ ಬತ್ತಿಹೋಗಿದೆ. ಉಡುಪಿಯ ಒಂದು ಆಸ್ಪತ್ರೆಯ ಶವಾಗಾರದಲ್ಲಿ ಅವಳಿಗೆ ಹತ್ತೊಂಬತ್ತು ವರ್ಷದ ಸರ್ವಿಸು. ನಾನು, ಶಿರ್ವದ ಜೆರ್ಟ್ರೂಡ್, ಅದೇ ಆಸ್ಪತ್ರೆಯ ನರ್ಸ್. ಪೋಸ್ಟ್‌ಮಾರ್ಟಂನಲ್ಲಿ ಡಾಕ್ಟರು ನೋಡುತ್ತಾರೆ, ಬರೆಯುತ್ತಾರೆ. ಕೊಯ್ಯುವುದು, ಹೊಲಿಯುವುದು, ತೊಳೆದು ಮನೆಯವರಿಗೆ ಮುಖ ತೋರಿಸುವ ಹಾಗೆ ಮಾಡುವುದು ಕಮಲಕ್ಕ. ಕಾಪುವಿನ ಮೀನುಗಾರರ ಮನೆಯವಳು. ಗಂಡ ಸುಂದರ ಕುಡಿದು ಕುಡಿದೇ ಸತ್ತ ಮೇಲೆ ಈ ಕೆಲಸಕ್ಕೆ ಬಂದಳು. ಬಸ್ಸಿನಲ್ಲಿ ಪಕ್ಕದವರಿಂದ ಕಳ್ಳಿನ ವಾಸನೆ ಬಂದರೆ ಸೀಟು ಬಿಟ್ಟು ಏಳುತ್ತಾಳೆ. ಆದರೂ ಊರಿಗೆ ಒಂದೇ ಪ್ರಶ್ನೆ, ಹಾಕದೆ ಆ ಕೆಲಸ ಮಾಡಲಿಕ್ಕೆ ಆಗುತ್ತದಾ ಎಂದು. ಮಗಳು ಯಶ್ಮಿತಾಳನ್ನು ನೋಡಲು ಬಂದ ಗಂಡಿನ ತಾಯಿ, ಮಾತನಾಡುವ ನೆಪದಲ್ಲಿ ಹತ್ತಿರ ಬಂದು ಕಮಲಕ್ಕನ ಬಾಯಿ ಮೂಸಿದಳಂತೆ. ಆ ಸಂಬಂಧ ಕೂಡಿ ಬರಲಿಲ್ಲ. ಎಂಥ ಜನ ಮಾರಾಯ್ರೆ!

ಹಾಗಾಗಿ ಮಣಿಪಾಲದ ನಿವೃತ್ತ ಡಾಕ್ಟರೊಬ್ಬರ ಪತ್ತೇದಾರಿ ಕಾದಂಬರಿಗಳು ಸೀರಿಯಲ್ ಆಗುತ್ತವೆ ಎಂದಾಗ ಅವಳಿಗಿಂತ ನನಗೇ ಹೆಚ್ಚು ಸಂಭ್ರಮ. ಅವುಗಳಲ್ಲಿ ಹೆಣದ ಮೇಲಿನ ಸುಳಿವನ್ನು ಮೊದಲು ಕಾಣುವುದು ಶವಾಗಾರದ ಒಬ್ಬ ಹೆಂಗಸು, ಹನಿಯೂ ಮುಟ್ಟದವಳು. ಆ ಡಾಕ್ಟರು ಹಿಂದೆ ನಮ್ಮ ಆಸ್ಪತ್ರೆಯಲ್ಲಿದ್ದಾಗ ಕಮಲಕ್ಕನನ್ನು ನೋಡಿಯೇ ಬರೆದದ್ದು. ಊರೆಲ್ಲ ಅವಳನ್ನು ಟಿವಿಯಲ್ಲಿ ನೋಡಿದರೆ ಮತ್ತೆ ಯಾರು ಬಾಯಿ ಮೂಸುತ್ತಾರೆ? ಕಮಲಕ್ಕನಿಗೆ ಬೇಕಾಗಿದ್ದದ್ದು ಅಷ್ಟೇ.

ನಿರ್ದೇಶಕ ಕೀರ್ತನ್ ನಮ್ಮ ಉಡುಪಿ ಕಡಿಯಾಳಿಯವನೇ. ನಟರಿಗೆ ಹೆಣದ ಹೊಲಿಗೆ ಕಲಿಸಿಕೊಡಿ ಎಂದು ಅವಳನ್ನು ಕಾರ್ಕಳದ ಹತ್ತಿರದ ಸೆಟ್ಟಿಗೆ ಕರೆದ. ಕೂತಲ್ಲಿ ಕೂರಲಾಗದೆ ರಜೆ ಹಾಕಿ ನಾನೂ ಹೋದೆ. ಹೆಣ್ಣು ಡಾಕ್ಟರು, ಬ್ಯಾರಿ ಮುಸ್ಲಿಂ ಇನ್ಸ್‌ಪೆಕ್ಟರು, ಕೊಂಕಣಿ ವಕೀಲೆ, ಜಿಲ್ಲೆಯ ಎಲ್ಲರಿಗೂ ಜಾಗ ಕೊಟ್ಟಿದ್ದೇವೆ ಎಂದು ಅವನು ಎದೆಯುಬ್ಬಿಸಿ ಹೇಳಿದ. ಶವಾಗಾರದ ಹೆಂಗಸು ಎಲ್ಲಿ ಎಂದು ಕೇಳಿದೆ. ಅವನು ತೋರಿಸಿದ ಕಡೆ ಮುಖಕ್ಕೆ ಕಪ್ಪು ಬಳಿದುಕೊಂಡ ಒಬ್ಬ ನಟ ಕೂತಿದ್ದ, ಸೊಂಟದಲ್ಲಿ ಕ್ವಾರ್ಟರ್ ಬಾಟಲಿ. ಜನರನ್ನು ನಗಿಸಲು ಹೆಂಗಸನ್ನು ಕುಡುಕ ಗಂಡಸನ್ನಾಗಿ ಮಾಡಿದ್ದರು. ನನ್ನ ಪಿತ್ತ ನೆತ್ತಿಗೇರಿತು.

ಕಮಲಕ್ಕ ಮಾತ್ರ ಮೆಲ್ಲನೆ ಹೇಳಿದಳು. "ಗಂಡಸೇ ಇರಲಿ ಮಗಾ. ಆ ಬಾಟಲಿ ಒಂದು ತೆಗೆದುಬಿಡು."

"ತೆಗೆದರೆ ಜನ ನಂಬುವುದಿಲ್ಲ ಕಮಲಕ್ಕ," ಎಂದ ಕೀರ್ತನ್.

ಹಾಗಾದರೆ ನೋಡು ಎನ್ನುವಂತೆ ಅವಳು ಮೇಜಿನ ಮೇಲಿದ್ದ ರಬ್ಬರಿನ ಹೆಣದ ಬಳಿ ಹೋದಳು. ಸೂಜಿ ಹಿಡಿಯುವ ಮೊದಲು, ದಿನಾ ಶವಾಗಾರದಲ್ಲಿ ಮಾಡುವ ಹಾಗೆಯೇ, ಅದರ ಹಣೆಯ ಮೇಲೆ ಕೈಯಿಟ್ಟಳು. "ಅಣ್ಣಾ, ಮುಟ್ಟುತ್ತೇನೆ. ಬೇಗ ಮುಗಿಸುತ್ತೇನೆ. ಹೊರಗೆ ನಿಮ್ಮವರು ಕಾಯುತ್ತಾ ಇದ್ದಾರೆ."

ಕೀರ್ತನ್ ಕಣ್ಣೊರೆಸಿಕೊಂಡು, ಇದನ್ನು ಸೀರಿಯಲ್ಲಿನಲ್ಲಿ ಹಾಕಿಯೇ ಹಾಕುತ್ತೇನೆ ಎಂದ. ಗೆದ್ದೆವು ಎಂದುಕೊಂಡೆ ನಾನು, ಪೆದ್ದಿ.

ಸೀರಿಯಲ್ ಬಂತು. ಹಣೆಯ ಮೇಲೆ ಕೈಯಿಟ್ಟು ಆ ಮಾತು ಹೇಳಿದ್ದು ಬೆಳ್ಳಗಿನ ಡಾಕ್ಟರಮ್ಮ. ಪಕ್ಕದಲ್ಲಿ ಕುಡುಕ ಬಾಟಲಿ ಹಿಡಿದು ತೂರಾಡುತ್ತಿದ್ದ. ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ. ಊರೆಲ್ಲ ಡಾಕ್ಟರಮ್ಮನ ಮಾತನ್ನು ವಾಟ್ಸಾಪ್ ಸ್ಟೇಟಸ್ ಮಾಡಿಕೊಂಡಿತು. ಕೀರ್ತನ್‌ಗೆ ಫೋನ್ ಮಾಡಿ ಬೈದೆ, ಕನ್ನಡ ಸಾಲದೆ ಕೊಂಕಣಿಯಲ್ಲೂ ಬೈದೆ. ಕಮಲಕ್ಕ ಮರುದಿನ ಎಂದಿನ ಹಾಗೆಯೇ ಕೆಲಸಕ್ಕೆ ಬಂದಳು. ನನಗೆ ತಡೆಯಲಾಗದ್ದು ಅದೇ.

ಹೋದ ವಾರ ಒಂದು ಬೆಳಿಗ್ಗೆ ಬೈಕ್ ಅಪಘಾತದಲ್ಲಿ ತೀರಿಹೋದ ಒಬ್ಬರ ಹೆಣ ಬಂತು. ಕಾಗದ ಕೊಡಲು ನಾನು ಶವಾಗಾರಕ್ಕೆ ಹೋಗಿದ್ದೆ. ಕಮಲಕ್ಕ ಹಣೆಯ ಮೇಲೆ ಕೈಯಿಟ್ಟು "ಅಣ್ಣಾ" ಎಂದಳಷ್ಟೇ, ಬಾಗಿಲಲ್ಲಿ ನಿಂತಿದ್ದ ಹೊಸ ಪೇದೆ ನಕ್ಕುಬಿಟ್ಟ.

"ಎಂತ ಕಮಲಕ್ಕ, ನೀವೂ ಆ ಸೀರಿಯಲ್ ನೋಡ್ತೀರಾ?"

ನಾನು ಅವನ ಮೇಲೆ ಹರಿಹಾಯ್ದೆ. ಅದು ಅವಳದೇ ಮಾತು, ಸೀರಿಯಲ್ಲಿನವರು ಕಲಿತದ್ದು ಅವಳಿಂದ ಎಂದೆ. ಹೌದಾ ಎಂದ, ಆದರೆ ನಂಬಿದ ಹಾಗೆ ಕಾಣಲಿಲ್ಲ.

ಕಮಲಕ್ಕ ಕೈ ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ಆ ಸತ್ತವನಿಗೆ ಏನೂ ಹೇಳದೆ ಕೊಯ್ಯಲು ಶುರುಮಾಡಿದಳು.