ಫುಗಡಿಯ ಎದುರು ಸಾಲು

ಹೆಂಗಸರು ಕೈಹಿಡಿದು ಕುಣಿಯುವ ಫುಗಡಿಯ ಹಾಡುಗಳನ್ನು ಬರೆದುಕೊಂಡು ನಾನು ಮಾಡಿಸಿದ ಆಲ್ಬಂ ಕೊನೆಗೂ ಬಂತಲ್ಲ ಎಂಬ ಖುಷಿಯಲ್ಲಿ ನಾನು ಕಾರವಾರದಿಂದ ಅಂಕೋಲೆಗೆ ಬಸ್ ಹತ್ತಿದೆ. ಹಾಡಿದ ಅಜ್ಜಿಯ ಮನೆಗೆ ಹೋಗಿ, ಅವರಿಗೇ ಅದನ್ನು ಮೊಬೈಲಿನಲ್ಲಿ ಕೇಳಿಸಿದೆ.

ಎರಡು ಸಾಲಿಗೇ, "ಬಂದ್ ಮಾಡು ತಮಾ," ಎಂದರು.

"ಎಂತಕ್ಕೆ ಅಮ್ಮಾ? ಚಂದ ಉಂಟಲ್ಲ?"

"ನಾನೊಂದು ಸಾಲು ಹೇಳಿದ್ರೆ ಎದುರು ಸಾಲು ನನ್ನ ನಾದಿನಿ ಹೇಳ್ತಿದ್ಲು. ಅವ್ಳು ತೀರಿಹೋದ್ಲು. ಸ್ಟುಡಿಯೋದವ್ರು ಅಲ್ಲಿಗೂ ನನ್ನ ದನಿನೇ ಹಾಕಿದ್ರು. ನಾನೇ ಕರ್ದು ನಾನೇ ಓ ಅಂದಂಗೆ ಆಗ್ತದೆ."

ಬಾಯಿ ಮುಚ್ಚಿ ಕೂರುವವನು ನಾನಲ್ಲ. "ಎದುರು ಸಾಲು ನಾನು ಹೇಳ್ತೆ, ನೀವು ಶುರು ಮಾಡಿ," ಎಂದೆ. ಅವರು ಹಾಡಿದರು. ನಾನೂ ಹಾಡಿ, ನಡುವೆ ತಾಳ ತಪ್ಪಿದೆ.

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಅವ್ಳೂ ಅಲ್ಲೇ ತಪ್ತಿದ್ಲು. ಇನ್ನೊಂದ್ ಸಲ ತಪ್ಪು, ತಮಾ."

ಇಷ್ಟು ಸುಲಭದ ಕೆಲಸವನ್ನು ನನಗೆ ಈವರೆಗೆ ಯಾರೂ ಹೇಳಿರಲಿಲ್ಲ. ಅವರು ಮತ್ತೆ ಶುರು ಮಾಡಿದರು; ನಾನು ಅಲ್ಲೇ ತಪ್ಪಿದೆ.