ಕೆಂಪು ಕ್ಲಿಪ್ಪು, ಕಪ್ಪು ಕ್ಲಿಪ್ಪು

ಇಲ್ಫರ್ಡಿನ ನಮ್ಮ ಮನೆಯ ಹಿಂದೆ, ಬಟ್ಟೆ ಒಣಹಾಕುವ ತಂತಿಗೂ ಪಕ್ಕದವರ ಬೇಲಿಗೂ ನಡುವೆ, ಒಂದು ಮರದ ಶೆಡ್ಡು ಇದೆ. ನನ್ನ ಗಂಡ ಅದರಲ್ಲಿ ಕೂತು ಹಳೆಯ ಕಾರ್ ರೇಡಿಯೊಗಳನ್ನು ರಿಪೇರಿ ಮಾಡುತ್ತಿದ್ದರು. ಈಗಿನ ಕಾರಿನ ರೇಡಿಯೊ ಅಲ್ಲ. ಗಾಜಿನ ಬುರುಡೆಯಂಥ ವಾಲ್ವು ಇರುವ ಕಾಲದ, ಕಬ್ಬಿಣದ ಡಬ್ಬಿಯಂಥ, ಎರಡು ಕೈಯಲ್ಲಿ ಎತ್ತಬೇಕಾದ ರೇಡಿಯೊಗಳು. ಹಳೆಯ ಕಾರುಗಳನ್ನು ಮಕ್ಕಳಂತೆ ಸಾಕುವ ಜನ ಲಂಡನ್ನಿನ ಮೂಲೆಮೂಲೆಯಲ್ಲಿ ಇದ್ದಾರೆ. ಅವರು ಒಬ್ಬರಿಂದೊಬ್ಬರು ಕೇಳಿಕೊಂಡು ನಮ್ಮ ಮನೆಗೆ ಬರುತ್ತಿದ್ದರು.

ಗಂಡ ಕುಂದಾಪುರದಿಂದ ಬಂದ ಹೊಸತರಲ್ಲಿ ಟೂಟಿಂಗಿನ ಹೋಟೆಲಿನಲ್ಲಿ ದೋಸೆ ಹೊಯ್ದವರು. ಆಮೇಲೆ ಗ್ಯಾರೇಜೊಂದರಲ್ಲಿ ಕಾರಿನ ವೈರಿಂಗ್ ಕೆಲಸ ಕಲಿತು ನಿವೃತ್ತಿಯ ತನಕ ಅಲ್ಲೇ ಇದ್ದರು. ರೇಡಿಯೊ ಅವರ ಖಯಾಲಿ. ಭಾನುವಾರ ಬೆಳಗ್ಗೆ ಮೈದಾನಗಳಲ್ಲಿ ಜನ ತಮ್ಮ ಕಾರಿನ ಡಿಕ್ಕಿ ತೆರೆದು ಹಳೆ ಸಾಮಾನು ಮಾರುವಲ್ಲಿ ನನ್ನನ್ನೂ ಕರೆದುಕೊಂಡು ಹೋಗಿ, ಯಾರಿಗೂ ಬೇಡದ ಮೀಟರು, ಪೆಟ್ಟಿಗೆಗಳನ್ನು ಆರಿಸಿ ತರುತ್ತಿದ್ದರು. ವಾಲ್ವು ಚೆನ್ನಾಗಿದೆಯೋ ಸತ್ತಿದೆಯೋ ಎಂದು ಹೇಳುವ ದೊಡ್ಡ ಬೂದು ಬಣ್ಣದ ಟೆಸ್ಟರು ಹಾಗೆ ಬಂದದ್ದು. ಗಡಿಯಾರದಷ್ಟು ಅಗಲದ ಡಯಲ್ಲಿನ ಸಿಗ್ನಲ್ ಜನರೇಟರ್ ಕೂಡ ಹಾಗೇ ಬಂತು. ಅದು ರೇಡಿಯೊ ಒಳಗೆ ಒಂದು ಶಿಳ್ಳೆ ಕಳಿಸುತ್ತದೆ. ಶಿಳ್ಳೆ ಎಲ್ಲಿ ನಿಂತಿತೋ ಅಲ್ಲಿ ರೋಗ.

"ಇಷ್ಟೆಲ್ಲ ಎಂತಕ್ಕೆ? ಹೊಸತ್ ಒಂದ್ ಮೀಟ್ರ್ ತಕಂಡ್ರೆ ಆತಿಲ್ಯಾ?" ಎಂದು ಒಮ್ಮೆ ಕೇಳಿದ್ದೆ.

"ಹೊಸ ಮೀಟ್ರಿಗೆ ಇದ್ರ ಭಾಷೆ ಗೊತ್ತಾತಿಲ್ಲೆ, ಹೆಣೆ," ಎಂದಿದ್ದರು. "ಚಾ ಅಲ್ಲೇ ಇಡ್. ಎಂತದೂ ಮುಟ್ಬೇಡ, ಕರೆಂಟ್ ಇತ್ತ್."

ನಾನು ಮುಟ್ಟುತ್ತಲೂ ಇರಲಿಲ್ಲ. ಆಗ ಶಾಲೆಯೊಂದರ ಅಡುಗೆಮನೆಯಲ್ಲಿ ನನ್ನ ಕೆಲಸ. ಮನೆಗೆ ಬಂದರೆ ಕಾಲುನೋವು. ಶೆಡ್ಡಿನಿಂದ ಕೇಳುವ ಶಿಳ್ಳೆ ನನಗೆ ಕುಕ್ಕರಿನ ಸದ್ದಿನ ಹಾಗೆ ಮನೆಯ ಸದ್ದುಗಳಲ್ಲಿ ಒಂದಾಗಿತ್ತು, ಅಷ್ಟೇ.

ಪಾರ್ಶ್ವವಾಯು ಹೊಡೆದದ್ದು ಒಂದು ಬೆಳಗ್ಗೆ, ಬಚ್ಚಲುಮನೆಯಲ್ಲಿ. ಬಲಗೈ, ಬಲಗಾಲು ಹೋದವು. ಕಾಲು ಆಮೇಲೆ ಅಷ್ಟಿಷ್ಟು ಬಂತು, ಕೈ ಬರಲಿಲ್ಲ. ಮಾತಂತೂ ಪೂರ್ತಿ ಹೋಯಿತು; ಇಂಗ್ಲಿಷೂ ಹೋಯಿತು, ಕನ್ನಡವೂ ಹೋಯಿತು. ಉಳಿದದ್ದು ಒಂದೇ ಶಬ್ದ: "ಅಲ್ಲ."

ನೋವಿದೆಯಾ ಎಂದರೆ ಅಲ್ಲ. ನೀರು ಬೇಕಾ ಎಂದರೆ ಅಲ್ಲ ಎನ್ನುತ್ತ ಗ್ಲಾಸಿಗೆ ಕೈ ಚಾಚುತ್ತಿದ್ದರು. ಮಗಳು ಬಂದು ಕೈ ಹಿಡಿದರೆ ಅವಳ ಮುಖ ನೋಡಿ, ಕಣ್ಣು ತುಂಬಿಕೊಂಡು, ಅಲ್ಲ, ಅಲ್ಲ, ಅಲ್ಲ. ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ನಾನು ಹೋದಾಗ ಅವರ ಮುಂದೆ ಕೋಳಿಯ ಊಟದ ತಟ್ಟೆ ಇತ್ತು. ಮೇಲೆ ಹಲಾಲ್ ಎಂದು ಚೀಟಿ. ಹುಟ್ಟಿದಂದಿನಿಂದ ಮೊಟ್ಟೆಯನ್ನೂ ತಿನ್ನದ ಮನುಷ್ಯ. ನರ್ಸ್ ಹುಡುಗಿ ಪ್ರೀತಿಯಿಂದಲೇ ಹೇಳಿದಳು, "ಪಾಪ, ಬೆಳಗ್ಗಿನಿಂದ ದೇವರ ಹೆಸರು ಹೇಳುತ್ತಲೇ ಇದ್ದಾರೆ. ಪ್ರಾರ್ಥನೆಗೆ ಯಾರನ್ನಾದರೂ ಕರೆಸಲಾ ಅಂತ ಕೇಳಬೇಕು ಅಂದುಕೊಂಡಿದ್ದೆ." ನಮ್ಮ ಭಾಷೆಯಲ್ಲಿ ಆ ಶಬ್ದದ ಅರ್ಥ ಬೇರೆ ಎಂದು ತಿಳಿಸಿದೆ. ಅವಳು ನಾಚಿ ನಕ್ಕಳು, ನಾನೂ ನಕ್ಕೆ. ಗಂಡ ನಮ್ಮಿಬ್ಬರನ್ನೂ ನೋಡಿ "ಅಲ್ಲ" ಎಂದರು.

ಮನೆಗೆ ಬಂದ ಮೇಲೆ ಮಾತು ಕಲಿಸುವ ಥೆರಪಿಸ್ಟ್ ಬರುತ್ತಿದ್ದಳು. ಸೇಬು, ಲೋಟ, ನಾಯಿ ಎಂದು ಚಿತ್ರದ ಕಾರ್ಡು ಹಿಡಿಯುವಳು. ಇವರು ಮುಖ ತಿರುಗಿಸುವರು. ಒಂದು ದಿನ ಆಕೆ ಕಾರ್ಡು ಕೆಳಗಿಟ್ಟು, "ಇವರು ಮೊದಲು ಏನು ಮಾಡಲು ಇಷ್ಟಪಡುತ್ತಿದ್ದರು? ಅದನ್ನೇ ಮಾಡಲಿ, ಕೈಯಿಂದ ಮಾತು ಬಂದರೂ ಬರಬಹುದು," ಎಂದಳು. ಬಂದರೂ ಬರಬಹುದು ಎಂದದ್ದನ್ನು ನಾನು ಬರುತ್ತದೆ ಎಂದೇ ಕೇಳಿಸಿಕೊಂಡೆ. ಅಂಥ ಹೊತ್ತಿನಲ್ಲಿ ಕಿವಿ ಹಾಗೇ ಕೇಳುತ್ತದೆ.

"ಹ್ವಾಯ್, ಶೆಡ್ಡಿಗ್ ಹೋಪನಾ?" ಎಂದೆ.

"ಅಲ್ಲ," ಎಂದು ಎದ್ದು ನಿಂತರು.

ಬೆಂಚಿನ ಮೇಲೆ ರಿಪೇರಿಗೆ ಬಂದ ಒಂದು ರೇಡಿಯೊ ಹಾಗೇ ಕೂತಿತ್ತು, ಮುಚ್ಚಳ ಬಿಚ್ಚಿ. ರಾಮ್‌ಫರ್ಡಿನ ಒಬ್ಬ ಮುದುಕ ಕೊಟ್ಟುಹೋದದ್ದು. ಅವನ ತಂದೆಯ ಕಾರಿನದಂತೆ. ಅವಸರವಿಲ್ಲ, ಆದಾಗ ಆಗಲಿ ಎಂದು ಅವನು ಫೋನಿನಲ್ಲಿ ಹೇಳಿದ್ದ. ಗಂಡ ಕುರ್ಚಿಯಲ್ಲಿ ಕೂತು ಅದನ್ನು ತುಂಬ ಹೊತ್ತು ನೋಡಿದರು. ಆಮೇಲೆ ಎಡಗೈ ಚಾಚಿ ಒಂದು ವಾಲ್ವನ್ನು ಮೆಲ್ಲಗೆ ಅಲ್ಲಾಡಿಸಿ ಕಿತ್ತು ನನ್ನ ಕೈಗೆ ಕೊಟ್ಟರು.

ಹೀಗೆ ಶುರುವಾಯಿತು. ಊಟ ಮುಗಿಸಿ ನಾವು ಅಲ್ಲಿಗೆ ಹೋಗುತ್ತಿದ್ದೆವು. ಬೂದು ಟೆಸ್ಟರಿನಲ್ಲಿ ಸಾಲಾಗಿ ಸಣ್ಣ ಚಕ್ರಗಳಿವೆ; ಒಂದೊಂದು ಬಗೆಯ ವಾಲ್ವಿಗೂ ಅವನ್ನು ಒಂದೊಂದು ಅಂಕಿಗೆ ತಿರುಗಿಸಬೇಕು. ಒಂದು ಎರಡು ಎಣಿಸಲಾಗದ ಮನುಷ್ಯ ಎಡಗೈಯ ಹೆಬ್ಬೆರಳಿಂದ ಆ ಚಕ್ರಗಳನ್ನು ಸರಸರನೆ ಉರುಳಿಸುತ್ತಿದ್ದರು. ನಾನು ವಾಲ್ವನ್ನು ಸಿಕ್ಕಿಸಿ ಸ್ವಿಚ್ ಒತ್ತಬೇಕು. ಮುಳ್ಳು ಎದ್ದು ಹಸಿರು ಗೆರೆಗೆ ಹೋದರೆ ಅವರ ಮುಖದ ಎಡಭಾಗ ಅರಳುತ್ತಿತ್ತು. ಒಂದು ವಾಲ್ವಿಗೆ ಮುಳ್ಳು ಏಳಲೇ ಇಲ್ಲ. ಮೇಲಿನ ಹಲಗೆಯ ರಟ್ಟಿನ ಡಬ್ಬಿಯತ್ತ ಕೈ ತೋರಿಸಿದರು. ನಾನು ತೆಗೆದ ಮೊದಲನೆಯದಕ್ಕೆ ಅಲ್ಲ, ಎರಡನೆಯದಕ್ಕೆ ಅಲ್ಲ, ಮೂರನೆಯದಕ್ಕೂ ಅಲ್ಲ ಎನ್ನುತ್ತಲೇ ಅದನ್ನು ಕಿತ್ತುಕೊಂಡು ಎದೆಗೊತ್ತಿಕೊಂಡರು.

ಆಮೇಲೆ ವೈಬ್ರೇಟರ್. ಕಾರಿನ ಬ್ಯಾಟರಿಯ ಸಣ್ಣ ಕರೆಂಟು ವಾಲ್ವುಗಳಿಗೆ ಸಾಲದು. ಅದನ್ನು ಏರಿಸಲು ಆ ಕಾಲದಲ್ಲಿ ಉಪ್ಪಿನ ಡಬ್ಬಿಯಂಥ ಒಂದು ಸಾಧನ ಇರುತ್ತಿತ್ತು, ಒಳಗಿನ ತಗಡು ದುಂಬಿಯಂತೆ ನಡುಗುತ್ತ ಇರಬೇಕು. ಅದನ್ನು ನೋಡಲೆಂದೇ ಅವರ ಹತ್ತಿರ ಇನ್ನೊಂದು ಪುಟ್ಟ ಟೆಸ್ಟರಿತ್ತು. ಸಿಕ್ಕಿಸಿದರೆ ಸದ್ದಿಲ್ಲ. ಅವರು ಹೊರಗೆ ತೆಗೆದು ಬೆಂಚಿನ ಅಂಚಿಗೆ ಟಕ್ಕನೆ ಬಡಿದು ಮತ್ತೆ ಕೊಟ್ಟರು. ಜುಂಯ್ ಎಂದಿತು. ಇಬ್ಬರೂ ನಕ್ಕೆವು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಗಳು, "ಅಮ್ಮಾ, ಹಿ ಲುಕ್ಸ್ ಹ್ಯಾಪಿ," ಎಂದಳು. ಕಿಂಗ್ಸ್‌ಬರಿಯಲ್ಲಿರುವ ಅವಳು ಆಗಾಗ ಬಂದು ಹೋಗುತ್ತಿದ್ದಳು. ಆ ಸಂಜೆ ಫೋನು ಮಾಡಿದವರಿಗೆಲ್ಲ ನಾನು, ಗುಣ ಕಾಣ್ತಾ ಇತ್ತ್, ಮಾತು ಬತ್ತ್ ಎಂದು ಹೇಳಿದೆ. ಹೇಳಬಾರದಿತ್ತು.

ರೇಡಿಯೊಗೆ ಕರೆಂಟು ಕೊಡುವ ದಿನ ಬಂತು. ಸಿಗ್ನಲ್ ಜನರೇಟರ್ ಬಿಸಿಯಾಗಲೆಂದು ಮೊದಲೇ ಹಾಕಿಟ್ಟಿದ್ದೆವು. ಬ್ಯಾಟರಿಯ ಬದಲಿಗೆ ಹನ್ನೆರಡು ವೋಲ್ಟ್ ಕೊಡುವ ಪೆಟ್ಟಿಗೆಗೆ ಒಂದು ಕೆಂಪು ಕ್ಲಿಪ್ಪು, ಒಂದು ಕಪ್ಪು. ಕೆಂಪನ್ನು ರೇಡಿಯೊದ ವೈರಿಗೆ, ಕಪ್ಪನ್ನು ಅದರ ಕಬ್ಬಿಣದ ಮೈಗೆ ಅವರು ಕಚ್ಚಿಸುವುದನ್ನು ಚಹಾ ತಂದಾಗ ಎಷ್ಟೋ ಸಲ ನೋಡಿದ್ದೆ. ಅಷ್ಟು ನನಗೆ ಗೊತ್ತಿದೆ ಎಂಬ ಹೆಮ್ಮೆಯಿಂದಲೇ ಕಚ್ಚಿಸಿದೆ.

"ಅಲ್ಲ," ಎಂದರು.

"ಆಯ್ತ್, ಆಯ್ತ್. ನಾನ್ ಕಂಡ್ಕಂಡೇ ಮಾಡ್ತೆ."

"ಅಲ್ಲ, ಅಲ್ಲ." ಎಡಗೈ ಮೇಲೆತ್ತಿದರು. ಬೆಳಗ್ಗೆ ಇಡ್ಲಿ ಬಡಿಸುವಾಗಲೂ ಇದೇ ಕೈ ಎತ್ತಿ ಇದೇ ಮಾತು ಹೇಳಿ, ಹಾಕಿದ್ದನ್ನೆಲ್ಲ ತಿಂದಿದ್ದರು. ಕುರ್ಚಿಯಿಂದ ಏಳಲು ನೋಡಿದರು; ಸಂಭ್ರಮಕ್ಕೆ ಏಳುತ್ತಿದ್ದಾರೆ ಎಂದುಕೊಂಡೆ. "ಕೂಕಣಿ, ಬೀಳ್ತ್ರಿ," ಎಂದು ಹೇಳುತ್ತಲೇ ಸ್ವಿಚ್ ಒತ್ತಿದೆ.

ಜುಂಯ್ ಎಂದಿತು. "ಕೇಂಡ್ತಾ? ಜೀವ ಬಂತ್ ಕಾಣಿ!" ಎಂದು ಅವರತ್ತ ತಿರುಗಿದೆ. ಅವರು ಬೆಂಚು ಹಿಡಿದು ನಿಂತಿದ್ದರು, ಬಾಯಿ ತೆರೆದಿತ್ತು. ಆಗ ಮೀನು ಕೊಳೆತಂಥ ಒಂದು ವಾಸನೆ ಬಂತು. ರೇಡಿಯೊದ ಒಳಗೆ ಏನೋ ಪಟಾಕಿಯಂತೆ ಸಿಡಿದು, ಒದ್ದೆ ಕಾಗದದ ಚೂರುಗಳು ನನ್ನ ಕೈಗೆ, ಕಿಟಕಿಗೆ ಅಂಟಿದವು. ಹೊಗೆಯಲ್ಲಿ ಯಾವ ಸ್ವಿಚ್ ಎಂದು ಗೊತ್ತಾಗದೆ ತಡಕಾಡಿ, ಕೊನೆಗೆ ಗೋಡೆಯಿಂದ ಪ್ಲಗ್ಗು ಕಿತ್ತೆ. ಅಷ್ಟರಲ್ಲಿ ರೇಡಿಯೊದ ಒಳಗಿನ ಟ್ರಾನ್ಸ್‌ಫಾರ್ಮರಿನಿಂದ ಕರಿ ಮೇಣ ಕರಗಿ ಬೆಂಚಿನ ಮೇಲೆ ಹರಿದಿತ್ತು.

ಅವರು ಬೈಯುವ ಹಾಗೂ ಇರಲಿಲ್ಲ, ಸಮಾಧಾನ ಹೇಳುವ ಹಾಗೂ ಇರಲಿಲ್ಲ. ಕುರ್ಚಿಯಲ್ಲಿ ಕುಸಿದು ಕೂತು ಅತ್ತರು. ನಾನು ಬಾಗಿಲು ತೆರೆದು ಹೊಗೆ ಹೋಗಲೆಂದು ಟವಲು ಬೀಸುತ್ತ ನಿಂತೆ. ಹಳೆಯ ವಸ್ತು, ಆಯಸ್ಸು ಮುಗಿದಿತ್ತು, ಸಿಡಿಯಿತು ಎಂದು ಅವರಿಗೂ ಹೇಳಿದೆ, ನನಗೂ ಹೇಳಿಕೊಂಡೆ.

ಆ ವಾರದಲ್ಲೇ ರಾಮ್‌ಫರ್ಡಿನ ಮುದುಕನಿಗೆ ಫೋನು ಮಾಡಿ ಬರಹೇಳಿದೆ. ಒಳ್ಳೆಯ ಮನುಷ್ಯ. ಬರುವಾಗ ಬಿಸ್ಕತ್ತಿನ ಡಬ್ಬಿ ತಂದಿದ್ದ. ಗಂಡನ ಎಡಗೈ ಕುಲುಕಿ, ಮುಂದಿನ ಕೋಣೆಯಲ್ಲಿ ಅವರ ಪಕ್ಕದಲ್ಲೇ ಕೂತ. ನಾನು ರೇಡಿಯೊ ತಂದು ಅವನ ಮುಂದಿಟ್ಟು, ನಾವೇ ರಿಪೇರಿ ಮಾಡಲು ಹೋಗಿ ಹೀಗಾಯಿತು ಎಂದೆ. ಅವನು ಮುಚ್ಚಳ ಎತ್ತಿ ನೋಡಿ, ಒಳಗಿನ ಕಪ್ಪನ್ನು ಬೆರಳಿಂದ ಒರೆಸಿದ.

"ಕೆಂಪು ಕ್ಲಿಪ್ಪನ್ನು ಎಲ್ಲಿಗೆ ಕೊಟ್ಟಿರಿ?" ಎಂದು ಕೇಳಿದ.

ತೋರಿಸಿದೆ.

"ಅಲ್ಲೇ ಆಗಿರುವುದು. ನಮ್ಮ ಹಳೆಯ ಕಾರುಗಳಲ್ಲಿ ತುಂಬ ಕಾರುಗಳಿಗೆ ಅದು ಉಲ್ಟಾ. ಕೆಂಪು ಮೈಗೆ ಹೋಗಬೇಕು, ಕಪ್ಪು ವೈರಿಗೆ. ಈ ರೇಡಿಯೊ ಹಾಗೆ ಕೊಟ್ಟರೆ ಮಾತ್ರ ಬದುಕುತ್ತದೆ. ನಿಮಗೆ ಹೇಗೆ ಗೊತ್ತಾಗಬೇಕು, ಪಾಪ. ಇವರಿಗಾದರೆ ಗೊತ್ತಿರುತ್ತಿತ್ತು."

ಇವರಿಗೆ ಗೊತ್ತಿತ್ತು. ನಾನು ಗಂಡನ ಮುಖ ನೋಡಿದೆ. ಅವರು ಮುದುಕನ ಮಾತು ಕೇಳುತ್ತಿದ್ದರು, ಅರ್ಥವಾಗುತ್ತಿತ್ತು, ಅದರಲ್ಲಿ ಸಂಶಯವೇ ಇಲ್ಲ. ನನ್ನ ಕಡೆ ತಿರುಗಲಿಲ್ಲ. ಮುದುಕ, ಚಿಂತೆ ಮಾಡಬೇಡಿ, ಅದು ಬರೇ ರೇಡಿಯೊ ಎಂದು ಎರಡು ಸಲ ಹೇಳಿ, ಸುಟ್ಟ ಡಬ್ಬಿಯನ್ನು ಎತ್ತಿಕೊಂಡು ಹೋದ. ಗೇಟಿನ ಹತ್ತಿರ ಅದನ್ನು ಕಾರಿನ ಮುಂದಿನ ಸೀಟಿನಲ್ಲಿಟ್ಟು ಸೀಟ್‌ಬೆಲ್ಟು ಹಾಕುವುದನ್ನು ಕಿಟಕಿಯಿಂದ ಕಂಡೆ.

ಅವತ್ತಿನಿಂದ ಗಂಡ ಆ ಒಂದು ಮಾತನ್ನೂ ಆಡಲಿಲ್ಲ. ಮೊದಲು ನನಗೆ ಗಮನಕ್ಕೇ ಬರಲಿಲ್ಲ; ಬೇಸರದಲ್ಲಿದ್ದಾರೆ ಎಂದುಕೊಂಡೆ. ದಿನಗಳು ಹೋದ ಮೇಲೆ ಗೊತ್ತಾಯಿತು. ಅವರ ಮುಂದೆ ಮಂಡಿಯೂರಿ ಕೂತು, "ಎಂತಾರೂ ಒಂದ್ ಹೇಳಿ. ಬೈದಾರೂ ಬೈಯಿ," ಎಂದು ಬೇಡಿದೆ. ಬೇಕೆಂದೇ ಪಲ್ಯಕ್ಕೆ ಉಪ್ಪು ಹಾಕದೆ ಬಡಿಸಿದೆ. ಸುಮ್ಮನೆ ತಿಂದರು. ಮಗಳು ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, "ಡೋಂಟ್ ಪುಶ್ ಹಿಮ್, ಅಮ್ಮಾ. ಪ್ಲೀಸ್," ಎಂದು ಅತ್ತಳು. ಥೆರಪಿಸ್ಟ್, ಇದು ಇನ್ನೊಂದು ಸಣ್ಣ ಹೊಡೆತದಿಂದಲೂ ಇರಬಹುದು, ಮನಸ್ಸಿನಿಂದಲೂ ಇರಬಹುದು ಎಂದಳು. ಸ್ಕ್ಯಾನ್ ಮಾಡಿದರು, ಹೊಸತೇನೂ ಕಾಣಲಿಲ್ಲ. ಸರಕಾರಿ ಆಸ್ಪತ್ರೆಯವರು ನಮಗೆ ಕೊಟ್ಟಿದ್ದ ಅವಧಿ ಮುಗಿದು ಅವಳು ಬರುವುದೂ ನಿಂತಿತು.

ಶೆಡ್ಡಿಗೆ ಹೋಪನಾ ಎಂದರೆ ಕೈ ಬಿಡಿಸಿಕೊಳ್ಳುತ್ತಿದ್ದರು. ಚಳಿಗಾಲ ಕಳೆಯುವಷ್ಟರಲ್ಲಿ ಅಲ್ಲಿ ತೇವ ಹಿಡಿಯಿತು. ಹಳೆ ಕಾರಿನವರ ಕೂಟದಿಂದ ಒಬ್ಬರು ಬಂದು ಬೂದು ಟೆಸ್ಟರನ್ನು ಜೋಪಾನವಾಗಿ ಕಂಬಳಿಯಲ್ಲಿ ಸುತ್ತಿ ಒಯ್ದರು. ಉಳಿದದ್ದು ಅವರಿಗೂ ಬೇಡ. ಇಂಥವನ್ನು ಬಳಸಲು ಬಲ್ಲವರು ಈಗ ಕಡಿಮೆ ಎಂದರು. ಉಳಿದದ್ದನ್ನು ನಾನೂ ಅಳಿಯನೂ ಕಾರಿಗೆ ತುಂಬಿ ಕೌನ್ಸಿಲಿನ ಕಸದ ಜಾಗಕ್ಕೆ ಒಯ್ದೆವು. ಹೊರಡುವ ಮೊದಲು, ಒಂದನ್ನಾದರೂ ಇಟ್ಟುಕೊಳ್ಳಲಿ ಎಂದು ಹಲಗೆಯ ಮೇಲೆ ಉಳಿದಿದ್ದ ಒಂದು ಹಳೆಯ ವೈಬ್ರೇಟರ್ ತಂದು ಗಂಡನ ಅಂಗೈಯಲ್ಲಿಟ್ಟೆ. ಅವರು ಅದನ್ನು ನೋಡಿ, ಬೆರಳು ಬಿಗಿಮಾಡದೆ ಹಾಗೇ ಹಿಡಿದುಕೊಂಡಿದ್ದು, ನನಗೇ ಮರಳಿ ಕೊಟ್ಟರು.

ಕಸದ ಜಾಗದ ಕೆಲಸದವನು ಸಿಗ್ನಲ್ ಜನರೇಟರನ್ನು ತಿರುಗಿಸಿ ನೋಡಿ, ಇದು ಏನು ಎಂದು ಕೇಳಿದ. ರೇಡಿಯೊ ರಿಪೇರಿಯದ್ದು ಎಂದೆ. "ಹಾಗಾದರೆ ಸಣ್ಣ ವಿದ್ಯುತ್ ಸಾಮಾನು," ಎಂದು ತೋರಿಸಿದ ದೊಡ್ಡ ತೊಟ್ಟಿಯಲ್ಲಿ ಟೋಸ್ಟರು, ಕೆಟಲು, ಕೂದಲು ಒಣಗಿಸುವ ಯಂತ್ರಗಳು ಬಿದ್ದಿದ್ದವು. ಮೆಲ್ಲಗೆ ಇಡೋಣವೆಂದು ಬಗ್ಗಿದೆ, ತೊಟ್ಟಿ ಆಳವಿತ್ತು, ಕೈ ಮುಟ್ಟಲಿಲ್ಲ. ಬಿಟ್ಟೆ. ಗಾಜು ಒಡೆದ ಸದ್ದು ಕೇಳಿತು.

ಈಗ ವಾರಕ್ಕೆರಡು ದಿನ, ಇಂಥವರನ್ನು ಹಗಲು ಹೊತ್ತು ನೋಡಿಕೊಳ್ಳುವ ಡೇ ಸೆಂಟರಿನ ವ್ಯಾನು ಬಂದು ಅವರನ್ನು ಕರೆದೊಯ್ಯುತ್ತದೆ. ಅಲ್ಲಿ ಅವರು ಕಿಟಕಿಯ ಹತ್ತಿರ ಕೂತಿರುತ್ತಾರಂತೆ, ಯಾರಿಗೂ ತೊಂದರೆಯಿಲ್ಲವಂತೆ. ಆ ಹೊತ್ತಿನಲ್ಲಿ ನೀವು ಸ್ವಲ್ಪ ಹೊರಗೆ ಹೋಗಿ, ಗೆಳತಿಯರನ್ನು ನೋಡಿ ಎಂದು ನಮ್ಮ ಡಾಕ್ಟರು ಹೇಳಿದ್ದಾರೆ. ವ್ಯಾನು ತಿರುವು ದಾಟಿದ ಮೇಲೆ ನಾನು ಬಾಗಿಲು ಹಾಕಿ, ಕೋಟು ತೊಟ್ಟುಕೊಂಡು, ಒಳಗಿನ ಮೆಟ್ಟಿಲ ಮೇಲೆ ಕೂರುತ್ತೇನೆ. ಹೋಗಬೇಕು ಎಂದುಕೊಳ್ಳುತ್ತ ಕೂತೇ ಇರುತ್ತೇನೆ. ಕೋಟು ತೆಗೆಯುವುದು ಅವರ ವ್ಯಾನು ಮರಳಿ ಬಂದು ನಿಂತಾಗಲೇ.