ಎರಡು ಕೂಲರಿನ ಮನೆ

ಮೊದಲಿಗೇ ಒಪ್ಪಿಕೊಂಡುಬಿಡುತ್ತೇನೆ: ಇಲ್ಲಿ ಬರೆಯುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅದು ಎರಡು ಸಾವಿರದ ಐದನೆಯ ಇಸವಿಯ ಬೇಸಿಗೆಯೋ ಆರನೆಯದೋ ಎಂಬುದೇ ನನಗೆ ಸರಿಯಾಗಿ ನೆನಪಿಲ್ಲ. ಆ ವರ್ಷದ ಡೈರಿಯ ರಟ್ಟು ಹರಿದುಹೋಗಿದೆ, ಒಳಪುಟಗಳಲ್ಲಿ ತಾರೀಖು ತಿಂಗಳು ಇವೆ, ವರ್ಷವಿಲ್ಲ. ಕೈಯಲ್ಲಿ ಹಿಡಿದು ಇದು ನಿಜ ಎನ್ನಬಹುದಾದ ವಸ್ತುವೊಂದೇ ನನ್ನಲ್ಲಿ ಉಳಿದಿದೆ, ಮೇಜಿನ ಮೇಲೆ ಹಾಳೆಗಳು ಹಾರದಂತೆ ಇಟ್ಟುಕೊಂಡಿರುವ ಈ ತಾಮ್ರದ ತುಂಡು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಮೇಲೆ ಎರಡು ಪುಟ್ಟ ಮೂತಿಗಳು, ಒಂದರಿಂದ ನೀರು ಒಳಗೆ, ಇನ್ನೊಂದರಿಂದ ಹೊರಗೆ. ಮನೆಗೆ ಬಂದವರು ಎತ್ತಿ ನೋಡಿ, ದೇವರ ಮನೆಯ ಸಾಮಾನೇ ಎಂದು ಕೇಳುತ್ತಾರೆ. ಒಂದು ಕಾಲಕ್ಕೆ ಇದು ಕಂಪ್ಯೂಟರಿನ ನೆತ್ತಿಯ ಮೇಲೆ ಕುಳಿತು ಅದರ ತಲೆಯನ್ನು ತಂಪಾಗಿಡುತ್ತಿತ್ತು ಎಂದರೆ ನಗುತ್ತಾರೆ. ನೀವೂ ನಗಬಹುದು. ನನಗೆ ಮಾತ್ರ ಇದನ್ನು ನೋಡಿದಾಗಲೆಲ್ಲ, ಆ ಬೇಸಿಗೆಯಲ್ಲಿ ನಮ್ಮ ಚಿಕ್ಕಮ್ಮ, ಶಾಂತಾ ಕಾಕು, ಹೊತ್ತುಕೊಂಡ ತಪ್ಪು ನಿಜಕ್ಕೂ ಯಾರದಾಗಿತ್ತು ಎಂಬ ಪ್ರಶ್ನೆ ಎದುರು ಬಂದು ಕೂರುತ್ತದೆ.

ಶಹಾಬಾದಿನ ಗೋಪಾಲ ಕಾಕಾ, ಅಂದರೆ ನನ್ನ ತಂದೆಯ ತಮ್ಮ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಕಂಪ್ಯೂಟರನ್ನು ಕೊಳ್ಳಬಾರದು, ಕಟ್ಟಬೇಕು ಎಂಬುದು ಅವರ ಹಟ. ಒಂದೊಂದೇ ಬಿಡಿಭಾಗವನ್ನು ಹೈದರಾಬಾದಿನಿಂದ ಟವೆಲ್ಲಿನಲ್ಲಿ ಸುತ್ತಿ, ತೊಡೆಯ ಮೇಲೆ ಕೂಸಿನ ಹಾಗೆ ಮಲಗಿಸಿಕೊಂಡು, ರೈಲಿನಲ್ಲಿ ತಂದರು. ಅದರ ಮಿದುಳಾದ ಪ್ರೊಸೆಸರ್ ಮಾತ್ರ ಯಾರೋ ಬಳಸಿಬಿಟ್ಟದ್ದು, ಹುಟ್ಟಾ ಬಿಸಿ ಸ್ವಭಾವದ್ದು. ಫ್ಯಾನು ಹಾಕಿ ನೋಡಿದರು. ನಮ್ಮ ಕಡೆಯ ಮೇ ತಿಂಗಳಲ್ಲಿ ಫ್ಯಾನು ಬೀಸುವುದೇ ಬಿಸಿಗಾಳಿಯನ್ನು. ಅದು ಇನ್ನೊಂದರ ಬಿಸಿಯನ್ನು ಇಳಿಸುವುದು ಹೇಗೆ? ಕೊನೆಗೆ ಯಾವುದೋ ಪತ್ರಿಕೆಯಲ್ಲಿ ಓದಿ, ನೀರಿನಿಂದ ತಣಿಸುವ ವ್ಯವಸ್ಥೆಯನ್ನು ತಾವೇ ಕಟ್ಟಿದರು. ಗುಜರಿಗೆ ಬಿದ್ದ ಕಾರಿನದೊಂದು ಸಣ್ಣ ರೇಡಿಯೇಟರ್, ಗೌಂಡಿಗಳು ಗೋಡೆಯ ಮಟ್ಟ ನೋಡಲು ಹಿಡಿಯುವ ಪಾರದರ್ಶಕ ಲೆವೆಲ್ ಪೈಪು, ಎಣ್ಣೆಯ ಖಾಲಿ ಕ್ಯಾನು, ಮತ್ತು ಕಿಟಕಿಯ ಕೂಲರಿನಲ್ಲಿ ಗಾಳಿಯನ್ನು ತಂಪಾಗಿಸುವ ಹುಲ್ಲಿನ ತಡಿಕೆಗೆ ನೀರೆತ್ತುವಂಥದೇ ಒಂದು ಪುಟ್ಟ ಪಂಪು. ಈ ತಾಮ್ರದ ತುಂಡನ್ನು ಪಕ್ಕದೂರು ವಾಡಿಯಲ್ಲಿ ಲೇಥ್ ಇಟ್ಟುಕೊಂಡಿದ್ದ ಬಾಬು ಮಿಯಾ ಕಡೆದುಕೊಟ್ಟರು. ಒಳಗೆ ಕಡ್ಡಿ ತೂರುವಷ್ಟೇ ಸಣ್ಣ ಕಾಲುವೆಗಳು. ಕ್ಯಾನಿನ ನೀರು ಪೈಪಿನಲ್ಲಿ ಏರಿ, ತಾಮ್ರದೊಳಗೆ ಹಾದು, ಪ್ರೊಸೆಸರಿನ ಬಿಸಿಯನ್ನು ಹೊತ್ತು ರೇಡಿಯೇಟರಿಗೆ ಹೋಗಿ, ಅಲ್ಲಿ ತಣಿದು ಕ್ಯಾನಿಗೆ ಮರಳಬೇಕು. ಒಂದೇ ಕಟ್ಟಳೆ: ಅದಕ್ಕೆ ಹಾಕುವುದು ಬಸ್ ಸ್ಟ್ಯಾಂಡಿನ ಹತ್ತಿರ ಸಿಗುವ, ಬ್ಯಾಟರಿಗಳಿಗೆ ತುಂಬುವ ಶುದ್ಧ ನೀರನ್ನೇ.

ಕಾಕಾ ಅದಕ್ಕೆ ಅಭಿಮಾನದಿಂದ ‘ವಾಟರ್ ಕೂಲರ್’ ಎಂದು ಹೆಸರಿಟ್ಟರು. ಮನೆಯವರ ಬಾಯಲ್ಲಿ ಎರಡೇ ದಿನಕ್ಕೆ ‘ವಾಟರ್’ ಉದುರಿ ಬರೀ ‘ಕೂಲರ್’ ಉಳಿಯಿತು. ಹೀಗೆ ಒಂದೇ ಕೋಣೆಯಲ್ಲಿ ಎರಡು ಕೂಲರುಗಳಾದವು, ಕಿಟಕಿಯಲ್ಲಿ ಒಂದು, ಮೇಜಿನ ಕೆಳಗೆ ಒಂದು. ಒಂದು ಮನುಷ್ಯರಿಗೆ, ಒಂದು ಯಂತ್ರಕ್ಕೆ. ಬಾಯಿ ತೆರೆದ ಕ್ಯಾನಿನ ನೀರೂ ಆ ಸೆಕೆಗೆ ಆರಿ ಇಳಿಯುತ್ತಿತ್ತು. ದನಿ ಎರಡರದೂ ಒಂದೇ.

ಈ ದನಿಯ ಬಗ್ಗೆ ನಿಮಗೆ ಹೇಳಲೇಬೇಕು. ನೀರು ತಳ ಮುಟ್ಟಿದಾಗ ಕೂಲರಿನ ಪಂಪು ಗಾಳಿ ನುಂಗಿ ಗೊರ್ರ್ ಎನ್ನುತ್ತದೆ. ನಮ್ಮ ಸೀಮೆಯಲ್ಲಿ ಬೇಸಿಗೆ ಕಳೆದವರಿಗೆ ಆ ಸದ್ದು ಕಿವಿಗೆ ಬೀಳುವ ಮೊದಲೇ ಕೈಗೆ ಬಿದ್ದಿರುತ್ತದೆ. ಓದುತ್ತಿದ್ದವರು ಪುಟದಿಂದ ಕಣ್ಣು ತೆಗೆಯದೆ, ಮಾತಾಡುತ್ತಿದ್ದವರು ಮಾತು ನಿಲ್ಲಿಸದೆ ಎದ್ದು, ಬಾವಿಯ ನೀರಿನ ಕೊಡದಿಂದ ನಾಲ್ಕು ತಂಬಿಗೆ ಸುರಿದು ಬಂದು ಮತ್ತೆ ಕೂರುತ್ತಾರೆ. ಯಾರು ಎದ್ದರು, ಯಾರು ಸುರಿದರು ಎಂದು ಕೇಳಿದರೆ ಯಾರಿಗೂ ಹೇಳಲಾಗದು. ಕಣ್ಣೆವೆ ಎಷ್ಟು ಸಲ ಬಡಿದೆವೆಂದು ನೆನಪಿಡುವವರು ಯಾರು?

ನಾನು ಏಪ್ರಿಲಿನಲ್ಲಿ ಚಿಂಚೋಳಿಯಿಂದ ಆ ಮನೆಗೆ ಹೋದದ್ದು ನನ್ನ ಎಂ.ಫಿಲ್. ಪ್ರಬಂಧವನ್ನು ಟೈಪು ಮಾಡಲು. ಕಾಗಿಣಾ ನದಿಯ ದಂಡೆಯ ಕೆಲವು ಶಾಸನಗಳ ಭಾಷೆ ನನ್ನ ವಿಷಯ. ಬೆಳಿಗ್ಗೆ ಯಂತ್ರ ನನ್ನದು. ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆ ಶಾಂತಾ ಕಾಕುವಿನದು. ಕಾಕು ತಮ್ಮ ತಾಯಿಯ ಹಾಡಿನ ವಹಿಯನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದರು, ಬೀಗರ ಹಾಡು, ಆರತಿಯ ಹಾಡು. ಅವರ ತವರು ಸೇಡಂ ಕಡೆಯದು, ಹಾಡಿನಲ್ಲಿ ನಡುನಡುವೆ ತೆಲುಗು ಮಾತುಗಳು. ವಹಿಯ ಹಾಳೆ ಮುಟ್ಟಿದರೆ ಮುರಿಯುವಷ್ಟು ಒಣಗಿತ್ತು, ಪೆನ್ಸಿಲಿನ ಅಕ್ಷರ ಮಾಸುತ್ತಿತ್ತು, ಕಾಕುವಿನ ಹೊರತು ಅದನ್ನು ಓದಬಲ್ಲವರು ಇರಲಿಲ್ಲ. ಒಂದೇ ಬೆರಳಿನಲ್ಲಿ, ಕೀಲಿಮಣೆಯ ಮೇಲೆ ಅಕ್ಷರವನ್ನು ಅಕ್ಕಿಯಲ್ಲಿ ಕಲ್ಲು ಹುಡುಕಿದಂತೆ ಹುಡುಕುತ್ತ, ಮೆಲ್ಲಗೆ ಹಾಡಿಕೊಳ್ಳುತ್ತ ಟೈಪು ಮಾಡುತ್ತಿದ್ದರು. ‘ಬೀಗಿತ್ತಿ’ಯ ‘ತ್ತಿ’ ಬಂದ ದಿನ ನನ್ನನ್ನು ಕೂಗಿ ಕರೆದು ತೋರಿಸಿದರು. ಹನ್ನೊಂದು ಹಾಡು ಆಗಿದ್ದವು. ಇದು ಡೈರಿಯಲ್ಲಿದೆ.

ಮೇ ತಿಂಗಳಲ್ಲಿ ಯಂತ್ರ ಕಾಯತೊಡಗಿತು. ಶುರುವಾಗಿ ಇಪ್ಪತ್ತು ನಿಮಿಷಕ್ಕೆ ಪಟ್ಟನೆ ಆರುತ್ತಿತ್ತು. ಆಮೇಲೆ ಹದಿನೈದಕ್ಕೆ, ಹತ್ತಕ್ಕೆ. ಮತ್ತೆ ಹಚ್ಚಿ ನೋಡಿದರೆ ಪರದೆಯ ಮೇಲೆ ಪ್ರೊಸೆಸರಿನ ತಾಪದ ಅಂಕಿ ಕೆಂಪಾಗಿರುತ್ತಿತ್ತು. ನಮ್ಮ ಭಾಷೆಯಲ್ಲಿ ಬಿಸಿಯಾಗುವುದಕ್ಕೂ ದಾರಿ ನೋಡುವುದಕ್ಕೂ ‘ಕಾಯು’ ಒಂದೇ ಮಾತು. ಅದು ಕಾಯುತ್ತಿತ್ತು, ಅದು ತಣಿಯಲೆಂದು ನಾನು ಕಾಯುತ್ತಿದ್ದೆ, ಪ್ರಬಂಧ ಒಪ್ಪಿಸುವ ದಿನ ಹತ್ತಿರ ಬರುತ್ತಿತ್ತು.

ಕಾಕಾ ಪೈಪಿನಲ್ಲಿ ಗಾಳಿಗುಳ್ಳೆ ಸಿಕ್ಕಿದೆ ಎಂದರು. ಲೆವೆಲ್ ಪೈಪನ್ನು ಎತ್ತಿ, ಬಾಗಿಸಿ, ಬೆರಳಿನಿಂದ ತಟ್ಟಿ ಗುಳ್ಳೆ ಓಡಿಸಿದರು. ಕಾಯುವುದು ನಿಲ್ಲಲಿಲ್ಲ. ತಾಮ್ರಕ್ಕೂ ಪ್ರೊಸೆಸರಿಗೂ ನಡುವೆ ಹಚ್ಚುವ ಬಿಳಿ ಪೇಸ್ಟು ಒಣಗಿರಬೇಕೆಂದು ಒರೆಸಿ ಹೊಸದು ಹಚ್ಚಿದರು. ಕಾಯುವುದು ನಿಲ್ಲಲಿಲ್ಲ. ಊರಿನ ಸಿಮೆಂಟ್ ಕಾರ್ಖಾನೆಯ ಬೂದು ಧೂಳು ತುಳಸಿಯ ಎಲೆಯನ್ನೇ ಬಿಡದಿರುವಾಗ ರೇಡಿಯೇಟರನ್ನು ಬಿಟ್ಟೀತೇ ಎಂದು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಅದರ ಸಂದುಗಳನ್ನೆಲ್ಲ ನಾನೇ ಉಜ್ಜಿದೆ. ವೋಲ್ಟೇಜ್ ಇಳಿದು ಪಂಪು ಸೋತಿದೆ ಎಂದುಕೊಂಡು ಕಿಟಕಿಯ ಕೂಲರಿನ ಪಂಪನ್ನು ಇದಕ್ಕೂ ಇದರದನ್ನು ಅದಕ್ಕೂ ಹಾಕಿದೆವು; ಮನುಷ್ಯರ ಕೂಲರು ಚೆನ್ನಾಗಿ ನಡೆಯಿತು, ಯಂತ್ರದ್ದು ಇಲ್ಲ. ಅಂಕಿಯೇ ಸುಳ್ಳು ಹೇಳುತ್ತಿರಬಹುದೇ ಎಂದೂ ಒಂದು ದಿನ ಅನುಮಾನಿಸಿದೆವು. ಎಲ್ಲಕ್ಕಿಂತ ಗೊಂದಲವೆಂದರೆ, ಮುಟ್ಟಿದರೆ ಪೈಪು ತಣ್ಣಗಿತ್ತು, ರೇಡಿಯೇಟರು ತಣ್ಣಗಿತ್ತು.

“ಪದ್ದಿ, ನೀರ್ ತಣ್ಣಗ ಅದ, ತಲಿ ಕಾಯ್ಲಿಕತ್ತದ,” ಎಂದು ನನಗೆ ಹೇಳಿದರು ಕಾಕಾ, ನೆಲದ ಮೇಲೆ ಕುಳಿತು. “ಇದ್ಯಾವ ವಿಜ್ಞಾನ ಹೇಳು ನೋಡೂಣು.”

“ಕಟ್ಟಿದವರ ಹಂಗೇ ಆಗ್ಯಾದ ಅದು,” ಬಾಗಿಲಲ್ಲಿ ನಿಂತಿದ್ದ ಕಾಕು ಹೇಳಿದರು. “ತಲಿ ಮ್ಯಾಲೆ ಎಷ್ಟ್ ನೀರ್ ಸುರಿದ್ರೂ ಸಿಟ್ಟು ಇಳಿಯಂಗಿಲ್ಲ.”

ಕಾಕಾ ಕೂಡ ನಕ್ಕರು. ಆ ಕೋಣೆಯಲ್ಲಿ ಮೂವರೂ ಒಟ್ಟಿಗೆ ನಕ್ಕದ್ದು ಅದೇ ಕೊನೆ ಎಂದು ನನಗೆ ನೆನಪು. ಇದೂ ತಪ್ಪಿರಬಹುದು.

ಒಂದು ಭಾನುವಾರ ವಾಡಿಯಿಂದ ಬಾಬು ಮಿಯಾ ಬಂದರು. ಚಹಾ ಕುಡಿದು, ತಾಮ್ರದ ತುಂಡಿನ ನಾಲ್ಕೂ ಸ್ಕ್ರೂ ಬಿಚ್ಚಿ, ಮುಚ್ಚಳ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದರು. ಒಳಗಿನ ಕಾಲುವೆಗಳ ತುಂಬ ಬೆಳ್ಳಗೆ, ಗಟ್ಟಿಯಾಗಿ ಏನೋ ಕಟ್ಟಿತ್ತು. ನೀರು ನುಸುಳಲು ಸೂಜಿಮೊನೆಯಷ್ಟು ಜಾಗ. ಬಿಸಿಯನ್ನು ಹೊತ್ತು ಹೊರಗೆ ಬರುವಷ್ಟು ನೀರೇ ಒಳಗೆ ಹೋಗುತ್ತಿರಲಿಲ್ಲ. ಪೈಪು ತಣ್ಣಗಿದ್ದದ್ದು ಅದಕ್ಕೇ.

“ಸರ್, ಒಳಗ ಯಾರೋ ಶಹಾಬಾದ್ ಫರಸಿ ಹಾಸ್ಯಾರ ನೋಡ್ರಿ,” ಎಂದರು ಬಾಬು ಮಿಯಾ. ನಮ್ಮ ಕಡೆ ನೆಲಕ್ಕೆಲ್ಲ ಹಾಸುವ ಆ ಕಲ್ಲಿನ ಹೆಸರು ಕೇಳಿ ನನಗೆ ನಗು ಬಂತು. “ಬಾವಿ ನೀರ್ ಹಾಕೀರೇನ್ರಿ?”

“ಛೇ ಛೇ! ಬ್ಯಾಟರಿ ನೀರ್ ಬಿಟ್ಟು ಒಂದ್ ಹನಿ ಬ್ಯಾರೆ ಹಾಕಿಲ್ಲ.”

“ನೀವ್ ಹಾಕಿರಲಿಕ್ಕಿಲ್ರಿ ಸರ್. ಮತ್ತ ಈ ಸುಣ್ಣ ಏನ್ ರೈಲಿನ್ಯಾಗ ಬಂತಾ?”

ಕಾಕಾ ತಿರುಗಿ ಕಾಕುವನ್ನು ನೋಡಿದರು. ನನ್ನನ್ನು ನೋಡಲಿಲ್ಲ. ಸ್ನಾನದ ಹಂಡೆಯ ಒಳಮೈಗೆ ವರ್ಷವರ್ಷವೂ ಕಟ್ಟುವ ಸುಣ್ಣ ಯಾವ ನೀರಿನದೆಂದು ಮನೆಯವರಿಗೆಲ್ಲ ಗೊತ್ತಿತ್ತು.

“ಮಧ್ಯಾಹ್ನ ಅಲ್ಲಿ ಕೂಡಾಕಿ ನೀನ. ಕೊಡಾ ತರಾಕಿ ನೀನ. ಸಾವಿರ ಸರ್ತೆ ಹೇಳೀನಿ, ಅದು ಬ್ಯಾರೆ ಕೂಲರು, ಇದು ಬ್ಯಾರೆ ಕೂಲರು ಅಂತ. ಹುಡುಗಿ ಪ್ರಬಂಧ ಮಣ್ಣುಪಾಲಾಗೋ ಹಂಗ ಮಾಡಿದಿ. ಹಾಡಂತ ಹಾಡು! ನಿನ್ನ ಕೈ ಯಾಕ ಹೋಗ್ಬೇಕು ಅಲ್ಲಿ?”

ಹೊರಗಿನವರ ಎದುರು ಆಡಿದ ಮಾತು. ಬಾಬು ಮಿಯಾ ಸ್ಕ್ರೂಗಳನ್ನು ಎಣಿಸತೊಡಗಿದರು. ಕಾಕು ಒಂದು ಕ್ಷಣ ನನ್ನ ಕಡೆ ನೋಡಿದರು, ಅಥವಾ ನನ್ನ ಬೆನ್ನ ಹಿಂದಿದ್ದ ಕಿಟಕಿಯ ಕಡೆ. ಈ ಒಂದು ಕ್ಷಣವನ್ನು ಎಷ್ಟು ಸಲ ನೆನೆದಿದ್ದೇನೆಂದರೆ ಅದರ ಅಂಚೆಲ್ಲ ಸವೆದುಹೋಗಿದೆ.

“ಹಾಕಿರಬೇಕು ನಾನ,” ಎಂದರು. “ನನ್ನ ಕೈಗೇನ್ ಬುದ್ಧಿ ಅದ.” ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, “ಬಾಬು ಮಿಯಾ, ಅದನ್ನ ಇಲ್ಲಿ ಕೊಡ್ರಿ. ಹಂಡೆ ತಿಕ್ಕೋ ಕೆಲಸ ಗಂಡಸರಿಗೆಲ್ಲಿ ಬರ್ತದ?”

ಅಡುಗೆಮನೆಯ ನೆಲದ ಮೇಲೆ ಒಂದು ಬಟ್ಟಲಿಟ್ಟು, ತಾಮ್ರದ ತುಂಡನ್ನು ಅದರಲ್ಲಿ ಮಲಗಿಸಿ, ಆರೇಳು ನಿಂಬೆಹಣ್ಣು ಹಿಂಡಿದರು. ಸಣ್ಣಗೆ ಸುಯ್ಯೆಂದು ನೊರೆ ಬಂತು. ರಸ ಬದಲಿಸುತ್ತ, ಪೊರಕೆಯ ಕಡ್ಡಿಯಿಂದ ಒಂದೊಂದೇ ಕಾಲುವೆಯನ್ನು ಕೆದಕುತ್ತ, ಸಂಜೆಯ ದೀಪ ಹಚ್ಚುವ ಹೊತ್ತಿಗೆ ಅದನ್ನು ಪೂಜೆಯ ತಂಬಿಗೆಯಂತೆ ಕೆಂಪಗೆ ಹೊಳೆಯಿಸಿ ಕೊಟ್ಟರು. ಮರುದಿನ ಯಂತ್ರ ಮಧ್ಯಾಹ್ನದವರೆಗೂ ಆರಲಿಲ್ಲ. ಅಂಕಿ ಕೆಂಪಾಗಲಿಲ್ಲ. ನನ್ನ ಪ್ರಬಂಧ ಮುಗಿಯಿತು, ಒಪ್ಪಿಸಿದ್ದಾಯಿತು, ಪದವಿಯೂ ಬಂತು.

ಕಾಕು ಮಾತ್ರ ಮತ್ತೆ ಆ ಯಂತ್ರದ ಮುಂದೆ ಕೂರಲಿಲ್ಲ. ಕಾಕಾ ಸಿಟ್ಟಿಳಿದ ಮೇಲೆ ಎರಡು ಮೂರು ಸಲ, “ಬಾ, ನಿನ್ನ ಹಾಡು ಮುಗಸು ಬಾ,” ಎಂದು ಕರೆದರು. “ಬ್ಯಾಡ್ರಿ, ನನ್ನ ಕೈ ಬ್ಯಾಡ ಅಲ್ಲಿ,” ಎಂದು ನಗುತ್ತಲೇ ಹೇಳಿ ಒಳಗೆ ಹೋದರು. ಹನ್ನೆರಡನೆಯ ಹಾಡು ಮೊದಲ ಸಾಲಿನ ಅರ್ಧಕ್ಕೆ ನಿಂತಿತ್ತು. ವಹಿ ಟ್ರಂಕಿಗೆ ಮರಳಿತು.

ಈಗ ನನ್ನ ತೊಡಕು ಏನೆಂದು ಕೇಳಿ. ಡೈರಿಯಲ್ಲಿ ಮೇ ತಿಂಗಳ ಪುಟಗಳಲ್ಲಿ ಮತ್ತೆ ಮತ್ತೆ ಒಂದು ವಾಕ್ಯವಿದೆ: ‘ಕೂಲರಿಗೆ ನೀರು ಹಾಕಲಾಯಿತು.’ ಯಾವ ಕೂಲರಿಗೆ? ಯಾರಿಂದ? ಆ ದಿನಗಳಲ್ಲಿ ಪ್ರಬಂಧದ ಗತ್ತಿನ ಭಾಷೆ ನನ್ನ ಡೈರಿಗೂ ಹತ್ತಿತ್ತು. ‘ಗಮನಿಸಲಾಗಿದೆ’, ‘ವಿವರಿಸಲಾಗಿದೆ’ ಎಂದು ಬರೆದೂ ಬರೆದೂ ಕರ್ತೃವಿಲ್ಲದೆ ಕೆಲಸಗಳು ತಾವಾಗಿಯೇ ನಡೆಯತೊಡಗಿದ್ದವು. ನಾನು ಓದುತ್ತಿದ್ದ ಶಾಸನಗಳಲ್ಲಾದರೋ ಕೆರೆಗೆ ಯಾರು, ದೀಪಕ್ಕೆ ಯಾರು, ಎಷ್ಟು ದಾನ ಬಿಟ್ಟರೆಂದು ಕಲ್ಲಿನ ಮೇಲೆ ಹೆಸರಿದೆ. ಅವನ್ನು ಬಿಡಿಸಿ ಓದಿದವಳಿಗೆ ತನ್ನದೇ ಕೈಬರಹದ ಒಂದು ಸಾಲನ್ನು ಬಿಡಿಸಲಾಗುತ್ತಿಲ್ಲ.

ನೆನಪನ್ನು ಕೇಳೋಣವೆಂದರೆ, ಅದೂ ಸಾಕ್ಷಿ ಹೇಳಲು ತುಸು ಹೆಚ್ಚೇ ಉತ್ಸುಕವಾಗಿದೆ. ಕಣ್ಣು ಮುಚ್ಚಿದರೆ ಕಾಣುತ್ತದೆ: ಎಡಗೈಯಲ್ಲಿ ಹಾಳೆ, ಬಲಗೈಯಲ್ಲಿ ತಂಬಿಗೆ, ಮೇಜಿನ ಕೆಳಗಿನ ಕ್ಯಾನಿನ ಬಾಯಿ, ಗೊರ್ರ್ ಎಂಬುದು ತಟ್ಟನೆ ನಿಲ್ಲುವುದು. ಕೈ ನನ್ನದೇ. ಆದರೆ ಆ ಕೈಯಲ್ಲಿರುವ ಬಳೆಗಳು ನನ್ನ ಮದುವೆಯಲ್ಲಿ ಬಂದವು, ಮದುವೆಯಾದದ್ದು ಮೂರು ವರ್ಷದ ನಂತರ. ಹಾಗಾದರೆ ಈ ಚಿತ್ರ ಆ ಮೇ ತಿಂಗಳದೋ, ಅಪರಾಧದ ಅಳುಕು ಆಮೇಲೆ ಬರೆದುಕೊಟ್ಟದ್ದೋ? ಸುಣ್ಣವೂ ಒಂದು ತಂಬಿಗೆಯಿಂದ ಕಟ್ಟುವಂಥದಲ್ಲ. ಹನಿಹನಿಯಾಗಿ, ದಿನದಿನವೂ, ಬಿಸಿ ತಾಗಿದಲ್ಲೆಲ್ಲ ಕೂತದ್ದು. ಮೂವರೂ ಹಾಕಿರಬಹುದು. ಕಾಕಾ ಅವರ ಕಿವಿಯೂ ಆ ಊರಿನದೇ ಅಲ್ಲವೇ? ಅವರನ್ನು ಅವರೂ ಸೇರಿ ಯಾರೂ ಅನುಮಾನಿಸಲಿಲ್ಲ. ಹೀಗೆ ಮೂರು ಪಾಲು ಮಾಡಿದಾಗ ಒಂದಿಷ್ಟು ಹಗುರಾಗುತ್ತದೆ, ಹಗುರಾದದ್ದಕ್ಕೇ ನಂಬಿಕೆ ಬರುವುದಿಲ್ಲ. ಏಕೆಂದರೆ ಒಂದು ವಿಷಯದಲ್ಲಿ ನನಗೆ ಗೊಂದಲವಿಲ್ಲ: ಆ ಭಾನುವಾರ ‘ನಾನೂ ಹಾಕಿರಬಹುದು ಕಾಕಾ’ ಎಂಬ ಮೂರು ಮಾತು ನನ್ನ ಬಾಯಿಂದ ಹೊರಡಲಿಲ್ಲ. ಪ್ರಬಂಧ ಮುಗಿಯಬೇಕಿತ್ತು. ಯಂತ್ರ ಬೇಕಿತ್ತು.

ಕಾಕಾ ಬೇರೆ ಕಂಪ್ಯೂಟರ್ ಕಟ್ಟಿದಾಗ ಹಳೆಯದನ್ನು ಬಿಚ್ಚಿಟ್ಟರು. ಈ ತುಂಡನ್ನು ನಾನು ಕೇಳಿ ತಂದುಕೊಂಡೆ. ಹನ್ನೊಂದು ಹಾಡಿನ ಕಡತವನ್ನೂ ತಂದೆ. ಹೋದ ಬೇಸಿಗೆಯಲ್ಲಿ ಅವುಗಳನ್ನು ಅಚ್ಚು ಹಾಕಿಸಿಕೊಂಡು ಶಹಾಬಾದಿಗೆ ಹೋದೆ. ಕಾಕು ಹಾಳೆಯನ್ನು ದೂರಕ್ಕೆ ಹಿಡಿದು, ಹನ್ನೆರಡನೆಯದರ ಅರ್ಧ ಸಾಲನ್ನು ಬಾಯಲ್ಲಿ ಪೂರ್ತಿ ಮಾಡಿದರು. ಮುಂದಿನ ಸಾಲಿಗೆ ತಡವರಿಸಿ, “ವಹಿಯಾಗ ಅಕ್ಷರ ಹೋಗ್ಯಾವ ಈಗ,” ಎಂದರು. ಅಷ್ಟರಲ್ಲಿ ಕಿಟಕಿಯ ಕೂಲರು ಗೊರ್ರ್ ಎಂದಿತು. ನಾವಿಬ್ಬರೂ ಒಟ್ಟಿಗೆ ಎದ್ದೆವು. ನಾನು ಹಾಡಿನ ಹಾಳೆಯಿಂದ ಕಣ್ಣು ತೆಗೆದಿರಲಿಲ್ಲ, ಅವರು ಸಾಲು ನೆನೆಯುವುದನ್ನು ನಿಲ್ಲಿಸಿರಲಿಲ್ಲ. ಕೊಡದಲ್ಲಿದ್ದ ಒಂದೇ ತಂಬಿಗೆಗೆ ಎರಡು ಕೈ ಹೋದವು, ಬೆರಳು ಬೆರಳು ತಾಗಿದವು. ತಾಗಿದ ಮೇಲಷ್ಟೇ ನಾನು ಎದ್ದು ಬಂದಿದ್ದೇನೆಂದು ನನಗೆ ಗೊತ್ತಾದದ್ದು.

ಕಾಕು ನನ್ನ ಕೈ ನೋಡಿದರು. ತಂಬಿಗೆಯನ್ನು ನನಗೆ ಬಿಟ್ಟುಕೊಟ್ಟು, ಸೆರಗು ಸರಿಮಾಡಿಕೊಳ್ಳುತ್ತ ಕಿಟಕಿಯ ಕಡೆ ತಿರುಗಿದರು. ನಾನು ನೀರು ಸುರಿದೆ, ಸದ್ದು ನಿಂತಿತು. ಇಷ್ಟು ವರ್ಷ ಕಾಯ್ದದ್ದು ಸಾಕೆನಿಸಿ ಆಗಲೇ ಕೇಳಿದೆ. ಅವರು ಇನ್ನೂ ಉತ್ತರ ಹೇಳಿಲ್ಲ, ತಾಮ್ರದ ತುಂಡು ಈ ಹಾಳೆಯ ಮೇಲೆ ಕುಳಿತು ಅದನ್ನೇ ಕಾಯುತ್ತಿರುವಂತಿದೆ.

“ಕಾಕು, ಆ ಬ್ಯಾಸಗಿಯೊಳಗ ಕ್ಯಾನಿಗೆ ನೀರ್ ಹಾಕಿದಾಕಿ ನಾನು ಅಂತ ನಿನಗ ಅವತ್ತೇ ಗೊತ್ತಿತ್ತೇನು?”